ಕರಿಬೇವಿಗೆ ಹೊದಿಸಿದ ಶಾಲು

ಮಹಾಂತಪ್ಪ: ಆ ಶಾಲು ಬಿಚ್ಚು.

ಶಿವಬಸವ್ವ: ಬಿಚ್ಚೂದಿಲ್ಲ.

ಮಹಾಂತಪ್ಪ: ಬಿಚ್ಚು ಅಂದ್ನೆಲ್ಲ. ಅದು ನನಗ ಹೊದಿಸಿದ ಶಾಲು. ಮುನ್ನೂರು ಮಂದಿ ಕೂತು ಚಪ್ಪಾಳಿ ಹೊಡದಾರ.

ಶಿವಬಸವ್ವ: ಚಪ್ಪಾಳಿ ಹೊಡದವರು ಬಂದು ನಮ್ಮ ಗಿಡಾ ಕಾಯ್ತಾರೇನು? ನಿಮಗ ಹೊದಿಸಿದಾಗ ನಿಮಗೇನು ಥಂಡಿ ಇರಲಿಲ್ಲ. ಸಭಾದ ಹಾಲ್‌ನ್ಯಾಗ ಹೀಟರ್ ಇತ್ತು, ನೀವ ಬೆವರಾಕತ್ತಿದ್ರಿ. ಈ ಗಿಡಕ್ಕ ಖರೇನ ಥಂಡಿ ಐತಿ.

ಇದು ನಡೆದದ್ದು ಅಮೆರಿಕದ ಸಾನ್ ಡಿಯಾಗೋ ಪಕ್ಕದ ಪೊವೇ ಊರಿನ ಒಂದು ಹಿತ್ತಿಲಲ್ಲಿ, ೨೦೦೪ರ ನವೆಂಬರ್ ತಿಂಗಳ ಕೊನೆಯ ಶನಿವಾರ, ಸಂಜೆ ನಾಲ್ಕೂವರೆ ಗಂಟೆಗೆ. ಹೊಸ ವರ್ಷ ಕಳೆದ ಮೇಲೆ ಬರಬೇಕಾದ ಚಳಿ ಆ ವರ್ಷ ಹೇಳದೆ ಕೇಳದೆ ಬರುವ ನೆಂಟನಂತೆ ತಿಂಗಳು ಮೊದಲೇ ಬಂದಿಳಿದಿತ್ತು. ಪೂರ್ವದ ಬೆಟ್ಟಗಳ ತಲೆ ಬೆಳ್ಳಗಾಗಿತ್ತು. ಅಡಿಗೆಮನೆಯ ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ ನೆಲದಲ್ಲಿ ಬೇರೂರಿ ನಿಂತ ಆಳೆತ್ತರದ ಕರಿಬೇವಿನ ಗಿಡ. ಅದರ ಮೈಮೇಲೆ ಜರಿಯಂಚಿನ ಉಣ್ಣೆಯ ಶಾಲು. ನೆತ್ತಿಯ ಕುಡಿಯ ಮೇಲೆ ಮೈಸೂರು ಪೇಟ. ಹಿಂದಿನ ವರ್ಷದ ರಾಜ್ಯೋತ್ಸವದಲ್ಲಿ ಕನ್ನಡ ಸಂಘದವರು ಎಂಜಿನಿಯರ್ ಮಹಾಂತಪ್ಪನವರಿಗೆ ಸನ್ಮಾನ ಮಾಡಿ ಕೊಟ್ಟದ್ದು ಇವೆರಡನ್ನೇ.

ಮರುದಿನ ರೆಡೊಂಡೊ ಬೀಚಿನಲ್ಲಿ ಲಾಸ್ ಏಂಜಲೀಸ್ ಮತ್ತು ಸಾನ್ ಡಿಯಾಗೋ ಸಂಘಗಳ ಕೂಡು ರಾಜ್ಯೋತ್ಸವ. ಹಿಂದಿನ ವರ್ಷ ಸನ್ಮಾನ ಪಡೆದವರು ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂರುವುದು ಪದ್ಧತಿ. ಆ ಪದ್ಧತಿಯನ್ನು ಮಾಡಿದವರೂ ಮಹಾಂತಪ್ಪನವರೇ.

ಮಹಾಂತಪ್ಪ: ಮನಿಯಾಗ ಬೆಡ್‌ಶೀಟ್ ಇರಲಿಲ್ಲೇನು?

ಶಿವಬಸವ್ವ: ಮಲ್ಲಿಗಿಗೆ ಒಂದು, ನಿಂಬಿಗಿಡಕ್ಕ ಎರಡು. ದಾಸವಾಳಕ್ಕ ನಿಮ್ಮ ಲುಂಗಿ.

ಮಹಾಂತಪ್ಪ: ಯಾವ ಲುಂಗಿ?

ಶಿವಬಸವ್ವ: ಅದನ್ನ ಈಗ ಕೇಳಬ್ಯಾಡ್ರಿ.

ಮಹಾಂತಪ್ಪ: ಕೌದಿ ಐತೆಲ್ಲ, ಕೌದಿ. ಪೆಟಿಗಿಯೊಳಗ ಮಲಗೇತಿ.

ಶಿವಬಸವ್ವ: ಕೌದಿ ಭಾರ. ಟೊಂಗಿ ಮುರೀತಾವ. ಅದೂ ಅಲ್ಲದ ಅದು ನಮ್ಮವ್ವ ಹೊಲದದ್ದು.

ಮಹಾಂತಪ್ಪ: ಅಂದರ ನಿಮ್ಮವ್ವ ಹೊಲದದ್ದು ಪೆಟಿಗಿಯೊಳಗ, ಸಂಘದವರು ಕೊಟ್ಟದ್ದು ಗಿಡದ ಮ್ಯಾಲ.

ಶಿವಬಸವ್ವ: ನಮ್ಮವ್ವ ಆರು ತಿಂಗಳು ಕೂತು ಹೊಲದಾಳ. ನಿಮ್ಮ ಸಂಘದವರು ಅರ್ಧ ನಿಮಿಷದಾಗ ಹೊದಿಸ್ಯಾರ. ಅದರಾಗೂ ಫೋಟೋ ಸರಿ ಬರಲಿಲ್ಲ ಅಂತ ಎರಡ ಸಲ.

ಮಹಾಂತಪ್ಪ: ನೋಡು, ಇದು ಸಾನ್ ಡಿಯಾಗೋ. ಇಲ್ಲೆ ಮಂದಿ ನವೆಂಬರಿನ್ಯಾಗ ಚಡ್ಡಿ ಹಾಕ್ಕೊಂಡು ಅಡ್ಡ್ಯಾಡ್ತಾರ.

ಶಿವಬಸವ್ವ: ಅವರು ಬೀಚಿನ ಮಂದಿ. ನಾವು ಒಳನಾಡಿನವರು. ಇಲ್ಲೆ ಇವತ್ತ ಮೂವತ್ತು ಡಿಗ್ರಿಗೆ ಇಳೀತೈತಿ ಅಂತ ಟೀವ್ಯಾಗ ಹೇಳ್ಯಾರ. ಗಿಡಾ ಮುಚ್ಚಿರಿ ಅಂತನೂ ಹೇಳ್ಯಾರ.

ಮಹಾಂತಪ್ಪ: ಶಾಲು ಹೊದಿಸ್ರಿ, ಪೇಟಾ ಸುತ್ತರಿ ಅಂತ ಹೇಳ್ಯಾರೇನು? ಮೂವತ್ತು ಡಿಗ್ರಿ ಅಂತ ಗದಗಿನ ನಿಮ್ಮಕ್ಕಗ ಫೋನಿನ್ಯಾಗ ಹೇಳಿದಿ. ಆಕಿ ಏನಂದಳು?

ಶಿವಬಸವ್ವ: ಫ್ಯಾನ್ ಹಚ್ಚಿಕೊಂಡು ಮಲಕೋರಿ ಅಂದಳು. ಆಕಿಗೇನು ಗೊತ್ತು, ಇಲ್ಲೆ ಫ್ಯಾರನ್‌ಹೀಟ್ ಲೆಕ್ಕ, ಮೂವತ್ತೆರಡಕ್ಕ ನೀರು ಹೆಪ್ಪ ಹಿಡೀತೈತಿ ಅಂತ. ಎಂಜಿನಿಯರ್ ಆದ ನಿಮಗರ ಗೊತ್ತಿರಬೇಕಲ್ಲ.

ಎಂಜಿನಿಯರ್ ಎಂಬ ಮಾತು ಬಂದ ಮೇಲೆ ಮಹಾಂತಪ್ಪನವರು ವಾದದ ದಾರಿ ಬದಲಿಸಿದರು.

ಮಹಾಂತಪ್ಪ: ಆತು, ಗಿಡಕ್ಕ ಥಂಡಿ ಐತಿ. ಆದರ ಮುಂಜಾನಿ ಮಟಾ ಇಬ್ಬನಿ ಕುಡದು ಆ ಶಾಲು ಅಂಬಲಿ ಆಗತೈತಿ. ನಾಳಿ ನಾ ಏನ ಹೊದ್ದುಕೊಳ್ಳಲಿ?

ಶಿವಬಸವ್ವ: ಡ್ರೈಯರಿಗೆ ಹಾಕಿ ಕೊಡ್ತೀನಿ.

ಮಹಾಂತಪ್ಪ: ಡ್ರೈಯರಿಗೆ ಹಾಕಿದರ ಶಾಲು ಹೋಗಿ ಕರವಸ್ತ್ರ ಆಗತೈತಿ. ಸರಿ ನೀ, ನಾನ ಬಿಚ್ಚತೀನಿ.

ಶಿವಬಸವ್ವ: ಹೊತ್ತು ಮುಳುಗಿದ ಮ್ಯಾಲ ಗಿಡಾ ಮುಟ್ಟಬಾರದು.

ಮಹಾಂತಪ್ಪ: ಎಲ್ಲಿ ಮುಳಗೇತಿ? ಅಲ್ಲೇ ಕಾಣಸ್ತೈತಿ ನೋಡು.

ಶಿವಬಸವ್ವ: ಇನ್ನೊಂದು ಹತ್ತು ನಿಮಿಷ ಹಿಂಗ ಜಗಳಾಡ್ರಿ, ಮುಳಗತೈತಿ.

ಹಾಗೆಯೇ ಆಯಿತು. ಸೂರ್ಯ ಪಕ್ಕದ ಮನೆಯ ಗ್ಯಾರೇಜಿನ ಹಿಂದಕ್ಕೆ ಸರಿದ. ದೀಪ ಹಚ್ಚುವ ಹೊತ್ತಿನ ನಂತರ ಗಿಡ ನಿದ್ದೆ ಮಾಡುತ್ತದೆ, ಮುಟ್ಟಬಾರದು ಎಂಬ ನಿಯಮವನ್ನು ಆ ಮನೆಯಲ್ಲಿ ಎಂಟು ವರ್ಷದಿಂದ ಯಾರೂ ಮುರಿದಿರಲಿಲ್ಲ. ಸಂಜೆ ಸಾರಿಗೆ ಕರಿಬೇವು ಬೇಕಾಗಿ ಬಂದ ಲಾ ಹೋಯಾ ಊರಿನ ಪ್ರೊಫೆಸರರನ್ನೇ ಶಿವಬಸವ್ವನವರು ಬರಿಗೈಯಲ್ಲಿ ಕಳಿಸಿ, ಮರುದಿನ ಬೆಳಿಗ್ಗೆ ಕರೆದು ಎರಡು ಹಿಡಿ ಕೊಟ್ಟಿದ್ದರು.

ಮಹಾಂತಪ್ಪ: ನಾ ಇನ್ನ ಮಾತಾಡೂದಿಲ್ಲ.

ಶಿವಬಸವ್ವ: ಒಳಗ ಚುರಮುರಿ ಹಚ್ಚಿಟ್ಟೇನಿ. ಮಾತಾಡದ ತಿನ್ನರಿ.

ಮಹಾಂತಪ್ಪನವರು ಒಳಗೆ ಹೋದರು. ಶಿವಬಸವ್ವನವರು ದೀಪಾವಳಿಗೆ ತಂದಿದ್ದ ಬಣ್ಣದ ಬಲ್ಬಿನ ಸರ ಹಿಡಿದು ಗಿಡದ ಹಿಂದೆ ಕುಕ್ಕರಗಾಲಲ್ಲಿ ಕೂತರು. ಶಾಲಿನೊಳಗೆ ಬಲ್ಬು ಉರಿದರೆ ಗಿಡಕ್ಕೆ ಬೆಚ್ಚಗಾಗುತ್ತದೆ ಎಂದು ನೆರೆಮನೆಯಾಕೆ ಹೇಳಿದ್ದಳು. ಮುಟ್ಟಬಾರದು ಎಂಬ ನಿಯಮ ತಾಯಿಗೂ ದಾದಿಗೂ ಅನ್ವಯಿಸುವುದಿಲ್ಲ.

ಅಷ್ಟರಲ್ಲಿ ಪಕ್ಕದ ಗೇಟು ಕಿರುಗುಟ್ಟಿತು. ಕೈಯಲ್ಲೊಂದು ಕಾರಿನ ಕೀ ತಿರುಗಿಸುತ್ತ ಸಂಘದ ಕಾರ್ಯದರ್ಶಿ ಗುರುಕಿರಣ್ ಬಂದ. ಬೆಂಗಳೂರಿನ ಹುಡುಗ, ಟೆಲಿಕಾಂ ಎಂಜಿನಿಯರ್. ಮುಂಬಾಗಿಲಿಗೆ ಹೋದರೆ ಆಂಟಿ ತೆಗೆಯುತ್ತಾರೆ. ಇವತ್ತಿನ ಕೆಲಸ ಆಂಟಿಗೆ ತಿಳಿಯದೆ ಆಗಬೇಕಿತ್ತು. ಮಬ್ಬುಗತ್ತಲಲ್ಲಿ ಹಿತ್ತಿಲ ನಡುವೆ ಶಾಲು ಹೊದ್ದು, ಪೇಟ ಧರಿಸಿ, ನೆಟ್ಟಗೆ ನಿಂತ ಆಕೃತಿ ಕಂಡು ಅವನಿಗೆ ದೇವರೇ ಸಿಕ್ಕಷ್ಟು ಸಂತೋಷವಾಯಿತು. ದೂರದಲ್ಲೇ ನಿಂತು ಕೈಮುಗಿದ.

ಗುರುಕಿರಣ್: ನಮಸ್ಕಾರ ಅಂಕಲ್. ಹೊರಗಡೇನೇ ಸಿಕ್ಕಿದ್ದು ಒಳ್ಳೇದಾಯ್ತು. ಏನು, ನಾಳೆಗೆ ಪ್ರಾಕ್ಟೀಸಾ?

ಆಕೃತಿ ತಿರುಗಿ ನೋಡಲಿಲ್ಲ. ಶಿವಬಸವ್ವನವರು ನಗು ತಡೆದುಕೊಂಡು ಏಳಲು ಹೊರಟರು.

ಗುರುಕಿರಣ್: ಅಂಕಲ್, ಒಂದು ವಿಷಯ. ಆಂಟಿಗೆ ಗೊತ್ತಾಗಬಾರದು.

ಶಿವಬಸವ್ವನವರು ಮತ್ತೆ ಕೂತರು. ಅಂಥ ಮಾತು ಕೇಳಿದ ಮೇಲೆ ಯಾವ ಹೆಂಗಸು ತಾನೆ ಎದ್ದು ನಿಲ್ಲುತ್ತಾಳೆ?

ಗುರುಕಿರಣ್: ನಮ್ಮ ಸಂಘದ ಓಂಪ್ರಕಾಶ್ ಸ್ಯಾನ್ ಹೋಸೆಯಿಂದ ಕಾರಲ್ಲಿ ಹೊಸ ಶಾಲು, ಪೇಟ ಎಲ್ಲ ತರ್ತಿದ್ದ. ಗ್ರೇಪ್‌ವೈನ್ ಘಾಟಿಯಲ್ಲಿ ಸ್ನೋ ಬಿದ್ದು ಹೈವೇ ಕ್ಲೋಸ್ ಮಾಡಿಬಿಟ್ಟಿದ್ದಾರೆ. ಅವನು ಘಾಟಿಯ ಆ ಕಡೆ ಯಾವುದೋ ಮೋಟೆಲ್‌ನಲ್ಲಿ ಸಿಕ್ಕಾಕೊಂಡಿದ್ದಾನೆ. ರೂಮಲ್ಲಿ ಹೀಟರ್ ಕೆಟ್ಟಿದೆಯಂತೆ. ಸನ್ಮಾನದ ಶಾಲು ಅವನೇ ಹೊದ್ಕೊಂಡು ಮಲಗಿದ್ದಾನೆ.

ಗುರುಕಿರಣ್ ಕಾರಿನ ಕೀಯನ್ನು ಜೇಬಿಗೆ ಹಾಕಿದ.

ಗುರುಕಿರಣ್: ನಾಳೆ ಸನ್ಮಾನ ಆಂಟಿಗೆ ಅಂಕಲ್. ಎಂಟು ವರ್ಷದಿಂದ ನಲವತ್ತು ಮನೆಗೆ ಕರಿಬೇವು ಕೊಟ್ಟಿದ್ದಾರೆ ಅಂತ. ಸರ್‌ಪ್ರೈಸ್ ಇರಲಿ ಅಂತ ಯಾರಿಗೂ ಹೇಳಿಲ್ಲ. ಈಗ ಶಾಲೇ ಇಲ್ಲ. ಅದಕ್ಕೆ, ನಿಮ್ಮದು, ಈಗ ಹೊದ್ದಿದ್ದೀರಲ್ಲ, ಒಂದು ದಿನಕ್ಕೆ ಕೊಡಬೇಕು.

ಗಿಡದ ಹಿಂದೆ ಬಲ್ಬಿನ ಸರ ಶಿವಬಸವ್ವನವರ ಕೈಯಿಂದ ಜಾರಿ ಮಡಿಲಿಗೆ ಬಿತ್ತು. ಮದುವೆಯಾದ ಮೇಲೆ ಅವರಿಗೆ ಯಾರೂ ಏನನ್ನೂ ಹೊದಿಸಿರಲಿಲ್ಲ.

ಗುರುಕಿರಣ್: ಕೋಪಾನಾ ಅಂಕಲ್? ಹೋದ ಸಲ ನಿಮ್ಮ ಭಾಷಣದ ಮಧ್ಯೆ ಚೀಟಿ ಕಳಿಸಿದ್ದಕ್ಕಾ? ಮೂರೂ ಚೀಟಿ ನಾನು ಬರೆದಿದ್ದಲ್ಲ. ಎರಡು ಮಾತ್ರ ನಂದು. ಹೋಗ್ಲಿ, ಈ ಸಲ ನಿಮಗೆ ಐದು ನಿಮಿಷ ಭಾಷಣ.

ಗುರುಕಿರಣ್ ಬೆರಳು ಮಡಿಚಿ ಲೆಕ್ಕ ಹಾಕಿದ.

ಗುರುಕಿರಣ್: ಹತ್ತು ನಿಮಿಷ.

ಸಣ್ಣಗೆ ಗಾಳಿ ಬೀಸಿತು. ಪೇಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿತು.

ಗುರುಕಿರಣ್: ಬೇಡ ಅಂತ ತಲೆ ಆಡಿಸಬೇಡಿ ಅಂಕಲ್. ಹದಿನೈದು. ಅದಕ್ಕಿಂತ ಜಾಸ್ತಿ ಕೊಟ್ಟರೆ ಊಟ ತಣ್ಣಗಾಗುತ್ತೆ. ಸರಿ, ಇನ್ನೂ ಒಂದು ಐದು ಬೇಕಾದರೆ...

ಇದು ಇಪ್ಪತ್ತಕ್ಕೂ ನಿಲ್ಲುವುದಿಲ್ಲ ಎಂದು ಶಿವಬಸವ್ವನವರಿಗೆ ಖಚಿತವಾಯಿತು. ಗಂಡನ ಭಾಷಣಗಳನ್ನೆಲ್ಲ ಮೊದಲ ಸಾಲಿನಲ್ಲಿ ಕೂತು ಕೇಳಿದವರು ಅವರು. ಸೆರಗು ಬಾಯಿಗಿಟ್ಟು, ಧ್ವನಿ ದಪ್ಪ ಮಾಡಿ, ಗಿಡದ ಹಿಂದಿನಿಂದ ಹೇಳಿದರು:

—ಹೂಂ.

ಗುರುಕಿರಣ್: ಬಹಳ ದೊಡ್ಡ ಮನಸ್ಸು ಅಂಕಲ್ ನಿಮ್ಮದು. ಹದಿನೈದಕ್ಕೇ ಒಪ್ಪಿದ್ರಿ. ಧ್ವನಿ ಯಾಕೋ ಚಳಿಗೆ ಕಟ್ಕೊಂಡಿದೆ, ಬಿಸಿನೀರು ಕುಡೀರಿ. ನಾನು ಒಳಗೆ ಹೋಗಿ, ಸುಮ್ನೆ ಕಾಫಿಗೆ ಬಂದ ಹಾಗೆ ಆಂಟೀನ ಮಾತಾಡಿಸ್ತಿರ್ತೀನಿ. ನೀವು ಶಾಲು ಮಡಚಿ ತನ್ನಿ.

ಅವನು ಹಗುರವಾದ ಮನಸ್ಸಿನಿಂದ ಅಡಿಗೆಮನೆಯ ಬಾಗಿಲು ತೆರೆದು ಒಳಗೆ ಕಾಲಿಟ್ಟ. ಮೇಜಿನ ಮುಂದೆ ಸ್ವೆಟರ್ ಹಾಕಿಕೊಂಡು ಮಹಾಂತಪ್ಪನವರು ಚುರಮುರಿ ತಿನ್ನುತ್ತಿದ್ದರು. ಗುರುಕಿರಣ್ ಅವರನ್ನು ನೋಡಿದ. ಹಿಂತಿರುಗಿ ಹೊರಗೆ ನೋಡಿದ. ಅಲ್ಲಿಯೂ ಅವರು ನಿಂತಿದ್ದರು. ಈಗ ಹೊಟ್ಟೆಯ ಹತ್ತಿರ ಕೆಂಪು, ಹಸಿರು ದೀಪಗಳು ಉರಿಯುತ್ತಿದ್ದವು.

ಗುರುಕಿರಣ್: ಅಂಕಲ್, ನೀವು ಒಳಗೆ ಯಾವಾಗ ಬಂದ್ರಿ?

ಮಹಾಂತಪ್ಪ: ಅರ್ಧ ತಾಸಾತು. ಕುಂದರು. ಮೆಣಸಿನಕಾಯಿ ಕಡೀತೀಯೇನು?

ಗುರುಕಿರಣ್: ಈಗ ತಾನೆ ಹೊರಗೆ ಮಾತಾಡಿದ್ವಲ್ಲ.

ಮಹಾಂತಪ್ಪ: ಯಾರು ಯಾರು?

ಗುರುಕಿರಣ್: ನಾನು, ನೀವು. ನೀವು ಹೂಂ ಅಂದ್ರಿ.

ಮಹಾಂತಪ್ಪ: ನಾ ಹೂಂ ಅನ್ನೋ ಮನಶ್ಯಾನ ಅಲ್ಲ. ಬೇಕಾದರ ಮನಿಯಾಗ ಕೇಳು.

ಗುರುಕಿರಣ್: ಹದಿನೈದು ನಿಮಿಷ ಭಾಷಣಕ್ಕೆ ಶಾಲು ಕೊಡ್ತೀನಿ ಅಂತ ಒಪ್ಪಿದ್ರಿ.

ಮಹಾಂತಪ್ಪ: ಹದಿನೈದಕ್ಕ ಒಪ್ಪಿದ್ನಾ? ನಾನು? ಹಂಗಾರ ಅದು ನಾ ಅಲ್ಲ ಬಿಡು. ತಮ್ಮಾ, ಅಲ್ಲೆ ನಿಂತದ್ದು ಕರಿಬೇವಿನ ಗಿಡ.

ಗುರುಕಿರಣ್ ಕುರ್ಚಿ ಎಳೆದು ಕೂತ. ಗಿಡ ಹೇಗೆ ಹೂಂ ಎಂದಿತು ಎಂದು ಕೇಳಬೇಕೆನಿಸಿತು. ಆದರೆ ಹಿರಿಯರ ಮನೆಯಲ್ಲಿ ಅಂಥ ಪ್ರಶ್ನೆ ಕೇಳುವುದು ಸರಿಯಲ್ಲವೆಂದು ಬಿಟ್ಟ.

ಮಹಾಂತಪ್ಪ: ಅದಿರಲಿ. ಶಾಲು ಯಾಕ ಬೇಕಾಗಿತ್ತು?

ಗುರುಕಿರಣ್: ನಾಳೆ ಸನ್ಮಾನಕ್ಕೆ. ಹೊಸ ಶಾಲು ಸ್ನೋದಲ್ಲಿ ಸಿಕ್ಕಾಕೊಂಡಿದೆ.

ಮಹಾಂತಪ್ಪ: ಸನ್ಮಾನ ಯಾರಿಗೆ?

ಗುರುಕಿರಣ್ ಬಾಗಿಲ ಕಡೆ ನೋಡಿದ.

ಗುರುಕಿರಣ್: ಇಲ್ಲಿ ಹೇಳೋ ಹಾಗಿಲ್ಲ ಅಂಕಲ್.

ಮಹಾಂತಪ್ಪ: ತಿಳೀತು. ಲಾ ಹೋಯಾದ ಆ ಶಿವರಾಮ ಪ್ರೊಫೆಸರಗ. ಮೂವತ್ತು ವರ್ಷ ಸಮುದ್ರದ ನೀರು ಬಾಟ್ಲಿಯಾಗ ತುಂಬಿ ನೋಡ್ಯಾನ. ಅದು ಉಪ್ಪಗ ಐತಿ ಅಂತ ನನಗೂ ಗೊತ್ತೈತಿ.

ಗುರುಕಿರಣ್: ಅವರಿಗಲ್ಲ ಅಂಕಲ್. ಸ್ವಲ್ಪ ಮೆಲ್ಲಗೆ.

ಮಹಾಂತಪ್ಪ: ನನ್ನ ಮೈಮ್ಯಾಲಿಂದು ತಗದು ಅವನ ಮೈಮ್ಯಾಲ ಹಾಕಾಕ ನಾ ಏನ ಗೂಟಾ? ಶಾಲು ಕೊಡಾಕ ಆಗೂದಿಲ್ಲ. ಗಿಡಕ್ಕ ಬೇಕು.

ಗುರುಕಿರಣ್: ಗಿಡಕ್ಕಾ?

ಮಹಾಂತಪ್ಪ: ಇವತ್ತ ಮೂವತ್ತು ಡಿಗ್ರಿ ಬರತೈತಿ. ಟೀವಿ ನೋಡೂದಿಲ್ಲೇನು ನೀವು? ಮೊದಲ ಕುಡಿ ಸುಡತೈತಿ, ಆಮ್ಯಾಲ ಟೊಂಗಿ. ನಲವತ್ತು ಮನಿ ಒಗ್ಗರಣಿ ಅದರ ಮ್ಯಾಲ ನಿಂತೈತಿ.

ಅಷ್ಟರಲ್ಲಿ ಶಿವಬಸವ್ವನವರು ಒಳಗೆ ಬಂದರು. ಏನೂ ಕೇಳಿಸಿಕೊಳ್ಳದವರಂತೆ ಮುಖ ಮಾಡಿದ್ದರು.

ಶಿವಬಸವ್ವ: ಯಾವಾಗ ಬಂದಿ ತಮ್ಮಾ? ಏನ ಬೇಕಂತ್ರಿ ಇವಗ?

ಮಹಾಂತಪ್ಪ: ಶಾಲು ಬೇಕಂತ. ಗಿಡಾ ಬರಿಮೈಯಾಗ ನಿಲ್ಲಸಬೇಕಂತ.

ಶಿವಬಸವ್ವ: ಕೊಡ್ರೆಲ್ಲ. ಗಿಡಕ್ಕ ಬೆಡ್‌ಶೀಟ್ ಹಾಕಿದರಾತು.

ಮಹಾಂತಪ್ಪ: ಬೆಡ್‌ಶೀಟ್ ಎಲ್ಲಿ ಸಾಕಾಗತೈತಿ? ಉಣ್ಣಿ ಬೇಕು.

ಶಿವಬಸವ್ವ: ಕೌದಿ ಹಾಕೂಣು.

ಮಹಾಂತಪ್ಪ: ಕೌದಿ ಭಾರ. ಟೊಂಗಿ ಮುರೀತಾವ. ಅದೂ ಅಲ್ಲದ ಅದು ನಿಮ್ಮವ್ವ ಹೊಲದದ್ದು.

ಶಿವಬಸವ್ವ: ಮುನ್ನೂರು ಮಂದಿ ಚಪ್ಪಾಳಿ ಹೊಡದ ಶಾಲು, ಅಂಬಲಿ ಆಗತೈತೆಲ್ರೀ.

ಮಹಾಂತಪ್ಪ: ಚಪ್ಪಾಳಿಯಿಂದ ಗಿಡಾ ಬೆಚ್ಚಗಾಗೂದಿಲ್ಲ.

ಗುರುಕಿರಣ್‌ನ ತಾಳ್ಮೆ ಮುಗಿಯಿತು.

ಗುರುಕಿರಣ್: ಅಂಕಲ್, ಸನ್ಮಾನ ಆಂಟಿಗೆ.

ಮಹಾಂತಪ್ಪ: ಯಾವ ಆಂಟಿಗೆ?

ಗುರುಕಿರಣ್: ಈ ಆಂಟಿಗೆ. ಎದುರಿಗೆ ನಿಂತಿದ್ದಾರಲ್ಲ.

ಮಹಾಂತಪ್ಪನವರ ಕೈಯಲ್ಲಿದ್ದ ಚುರಮುರಿ ಅರ್ಧ ದಾರಿಯಲ್ಲಿ ನಿಂತಿತು.

ಮಹಾಂತಪ್ಪ: ಎದಕ್ಕ?

ಗುರುಕಿರಣ್: ಕರಿಬೇವಿಗೆ. ಕಮಿಟೀಲಿ ವೋಟ್ ಹಾಕಿದ್ರು. ಹನ್ನೊಂದು ಜನಕ್ಕೆ ಹನ್ನೊಂದೂ ಆಂಟಿಗೇ ಬಂತು. ಇದುವರೆಗೂ ಹಾಗೆ ಆಗಿರಲಿಲ್ಲ.

ಮಹಾಂತಪ್ಪ: ನನಗ ಎಷ್ಟು ಬಂದಿದ್ದವು?

ಗುರುಕಿರಣ್: ಆರು.

ಮಹಾಂತಪ್ಪ: ಹನ್ನೊಂದರಾಗ ಆರ?

ಶಿವಬಸವ್ವ: ಆ ಐದು ಮಂದಿ ಯಾರು ಅಂತ ಆಮ್ಯಾಲ ಹುಡಕೂಣಂತ್ರಿ.

ಮಹಾಂತಪ್ಪನವರು ಎದ್ದರು. ಕೈಗೆ ಅಂಟಿದ ಚುರಮುರಿ ಒರೆಸಿಕೊಂಡರು. ಹೆಂಡತಿಯ ಮುಖವನ್ನೊಮ್ಮೆ ನೋಡಿದರು. ಇಪ್ಪತ್ತಾರು ವರ್ಷಗಳಿಂದ ನೋಡುತ್ತಿದ್ದ ಮುಖವೇ. ಆದರೆ ಈಗ ಅದು ನಾಚಿ ಸಿಂಕಿನ ಕಡೆ ಬಾಗಿ, ಅಲ್ಲಿ ಇಲ್ಲದ ಪಾತ್ರೆಯನ್ನು ಹುಡುಕುತ್ತಿತ್ತು.

ಮಹಾಂತಪ್ಪ: ತಡಿ, ಬಿಚ್ಚಿಕೊಂಡು ಬರ್ತೀನಿ.

ಶಿವಬಸವ್ವ: ಎಲ್ಲಿಗೆ ಹೊಂಟ್ರಿ? ಹೊತ್ತು ಮುಳಗೇತಿ.

ಮಹಾಂತಪ್ಪ: ಮುಳಗಲಿ. ಶಾಲು ನಿನಗ ಬೇಕು.

ಶಿವಬಸವ್ವ: ಇವತ್ತ ತಗದ್ರ ಮುಂಜಾನಿ ಗಿಡಾ ಇರೂದಿಲ್ಲ. ಗಿಡಾ ಇಲ್ಲದ ಮ್ಯಾಲ ಅಷ್ಟು ಮಂದಿ ಮುಂದ ನಾ ಎದರ ಸಲವಾಗಿ ನಿಂದರಲಿ? ಬಿಸಲು ಬಿದ್ದ ಮ್ಯಾಲ ಒಯ್ರಿ. ಹಸಿ ಇದ್ದರ ಹಸೀದ ಹೊದಿಸ್ರಿ. ಪೇಟಾ ಮಾತ್ರ ಗಿಡಕ್ಕ ಇರಲಿ, ಅದಕ್ಕ ಚಲೋ ಕಾಣಸ್ತೈತಿ.

ಗುರುಕಿರಣ್: ಸರ್‌ಪ್ರೈಸ್ ಹಾಳಾಗೋಯ್ತಲ್ಲ ಆಂಟಿ.

ಶಿವಬಸವ್ವ: ಏನೂ ಹಾಳಾಗಿಲ್ಲ. ನಾಳಿ ನಾ ಬೆರಗಾಗಿ ನಿಂದರತೀನಿ. ಇವರ ಭಾಷಣಾನ ಪ್ರತಿ ಸಲ ಮೊದಲನೇ ಸಲ ಕೇಳಿದಂಗ ಕೇಳೇನಿ, ಇದೇನು ದೊಡ್ಡದು?

ಮರುದಿನ ಬೆಳಿಗ್ಗೆ ಏಳೂವರೆ ಗಂಟೆಗೆ ಗುರುಕಿರಣ್ ಕಾರು ತಂದ. ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಮಂಜು ಹೆಪ್ಪುಗಟ್ಟಿತ್ತು. ಹಿತ್ತಿಲಲ್ಲಿ ಒಂದು ಆಕೃತಿ ನಿಂತಿತ್ತು: ಉದ್ದನೆಯ ಓವರ್‌ಕೋಟು, ಕಿವಿ ಮುಚ್ಚುವ ಮಂಕಿಕ್ಯಾಪು, ಕದಲಿಕೆಯಿಲ್ಲ. ಗುರುಕಿರಣ್ ಈ ಸಲ ಕೈಮುಗಿಯಲಿಲ್ಲ. ನಿಧಾನವಾಗಿ ಹತ್ತಿರ ಹೋಗಿ ತೋರುಬೆರಳಿನಿಂದ ಭುಜಕ್ಕೆ ಚುಚ್ಚಿದ.

ಮಹಾಂತಪ್ಪ: ಯಾಕೋ, ನಾ ಏನ ಇಡ್ಲಿ ಏನು, ಬೆಂದೇತೋ ಇಲ್ಲೋ ಅಂತ ಚುಚ್ಚಿ ನೋಡಾಕ?

ಗುರುಕಿರಣ್: ಸಾರಿ ಅಂಕಲ್. ನಿನ್ನೆ ಅನುಭವ ಆಗಿತ್ತಲ್ಲ. ಇಷ್ಟು ಹೊತ್ತಿಗೇ ಎದ್ದಿದ್ದೀರಾ?

ಮಹಾಂತಪ್ಪ: ಐದೂವರಿಗೆ ಎದ್ದೇನಿ. ಬಿಸಲು ಬಿದ್ದ ಕೂಡಲೆ ಶಾಲು ಬಿಚ್ಚಿ, ಕೂದಲಾ ಒಣಗಸೋ ಡ್ರೈಯರ್‌ಲೆ ಒಣಗಿಸಿ, ಇಸ್ತ್ರಿ ಮಾಡೇನಿ. ಮತ್ತ ಗಿಡಾ ಹೆಂಗೈತಿ ನೋಡೂಣಂತ ಬಂದೆ.

ಮಲ್ಲಿಗೆಯ ಎಲೆಗಳು ಕಪ್ಪಾಗಿದ್ದವು. ಲುಂಗಿ ಉಟ್ಟ ದಾಸವಾಳ ಪೂರ್ತಿ ಬಾಡಿತ್ತು. ಕರಿಬೇವು ಮಾತ್ರ ಓರೆಯಾದ ಪೇಟದ ಕೆಳಗೆ ಕುಡಿಯವರೆಗೂ ಹಸಿರಾಗಿತ್ತು.

ಮಹಾಂತಪ್ಪ: ನೋಡು, ಉಣ್ಣಿ ಬೇಕು ಅಂತ ನಾ ನಿನ್ನೇನ ಹೇಳಿದ್ದೆ.

ಶಿವಬಸವ್ವನವರು ಇಳಕಲ್ ಸೀರೆಯುಟ್ಟು, ಕೈಯಲ್ಲಿ ಕರಿಬೇವಿನ ಚೀಲ ಹಿಡಿದು ಬಂದರು. ಸನ್ಮಾನಕ್ಕೆ ಹೋಗುವವರೂ ಬರಿಗೈಯಲ್ಲಿ ಹೋಗಬಾರದು ಎಂದು ಅವರ ಎಣಿಕೆ. ಮೂವರೂ ಕಾರು ಹತ್ತಿದರು. ಶಾಲು ಮಹಾಂತಪ್ಪನವರ ತೊಡೆಯ ಮೇಲೆ ಮಡಿಸಿಕೊಂಡು ಕೂತಿತ್ತು. ಅದನ್ನು ಹೊದಿಸುವವರು ತಾವೇ ಎಂದು ಅವರು ರಾತ್ರಿಯೇ ತೀರ್ಮಾನಿಸಿದ್ದರು.

ಮಹಾಂತಪ್ಪ: ಗುರುಕಿರಣ್, ಆ ಹದಿನೈದು ನಿಮಿಷ ಏನಾತು?

ಗುರುಕಿರಣ್: ಅದು ಗಿಡಕ್ಕೆ ಕೊಟ್ಟ ಮಾತು ಅಂಕಲ್.

ಮಹಾಂತಪ್ಪ: ಮಾತು ಅಂದರ ಮಾತು. ಗಿಡಾ ರೆಡೊಂಡೊ ಬೀಚಿಗೆ ಬರಾಕ ಆಗೂದಿಲ್ಲ. ಅದರ ಪರವಾಗಿ ನಾ ಮಾತಾಡ್ತೀನಿ.

ಶಿವಬಸವ್ವ: ಮಾತಾಡ್ರಿ. ಆದರ ಗಿಡಾ ನಿನ್ನೆ ಎಷ್ಟು ಮಾತಾಡೇತಿ, ಅಷ್ಟ ಮಾತಾಡ್ರಿ.

ಮಹಾಂತಪ್ಪ: ಎಷ್ಟು ಮಾತಾಡೇತಿ?

ಶಿವಬಸವ್ವನವರು ಸೆರಗನ್ನು ಬಾಯಿಗಿಟ್ಟುಕೊಂಡರು. ಹಿಂದಿನ ಸೀಟಿನಿಂದ ಬಂದ ದಪ್ಪ ಧ್ವನಿ ಕೇಳಿ ಗುರುಕಿರಣ್‌ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು.

—ಹೂಂ.